ಬದಿಯಡ್ಕ ದಾರಿಯ ಬೋರ್ಡಿಲ್ಲದ ಗ್ಯಾರೇಜು: ಒಂದು ಕಾಗದದ ತುಂಡಿನಲ್ಲಿ ಮುಗಿದ ರಿಪೇರಿ

ನನ್ನದು 2008ರ ವ್ಯಾಗನ್ ಆರ್, ಕೆಎಲ್ 14, ಅಂದರೆ ಕಾಸರಗೋಡಿನ ರಿಜಿಸ್ಟ್ರೇಷನ್. ಇದರ ಕೂಲಿಂಗ್ ಕೆಲಸಕ್ಕೆ ಎರಡು ತಿಂಗಳಲ್ಲಿ 11,400 ರೂಪಾಯಿ ಹೋಯಿತು, ಬೇರೊಂದು ಗ್ಯಾರೇಜಿನಲ್ಲಿ. ಹೆಸರು ಬೇಡ. ರೇಡಿಯೇಟರ್ ಸೋರುತ್ತಿದ್ದದ್ದು ನಿಜ, ಅದನ್ನು ಬದಲಿಸಿದ್ದು ಸರಿಯೇ. ಫ್ಯಾನಿನ ಮೋಟರ್ ಕೂಡ ಸೌಂಡ್ ಮಾಡ್ತದೆ ಅಂತ ಅದನ್ನೂ ಹಾಕಿದರು. ಬಿಸಿ ಏರುವ ಕಾಯಿಲೆ ಶುರುವಾದದ್ದೇ ಅದರ ನಂತರ. ಆಮೇಲೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್), ಆಮೇಲೆ ವಾಟರ್ ಪಂಪ್. ಕೊನೆಗೆ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು, ಇನ್ನೊಂದು 15 ಸಾವಿರ ಇಟ್ಟುಕೊಳ್ಳಿ" ಅಂದರು. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲು.

ಅಮ್ಮನನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರಕೊಂಡು ಹೋಗಬೇಕು. ಕುಂಬಳೆಯಲ್ಲೋ ಉಪ್ಪಳದಲ್ಲೋ ಟ್ರಾಫಿಕ್ ಬ್ಲಾಕಿನಲ್ಲಿ ಐದು ನಿಮಿಷ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲಕ್ಕೆ. ಯಾರೋ ಹೇಳಿದ ಹಾಗೆ ಏಸಿ ಆಫ್ ಮಾಡಿ ಹೀಟರ್ ಫುಲ್ ಇಟ್ಟು, ಕಿಟಕಿ ಇಳಿಸಿ ಕೂತದ್ದೂ ಆಯಿತು, ಅದೂ ಏಪ್ರಿಲ್ ತಿಂಗಳಲ್ಲಿ. ವಿಚಿತ್ರ ಅಂದರೆ ಹೀಟರಿನಿಂದ ಬಿಸಿ ಗಾಳಿಯೇ ಬರುತ್ತಿರಲಿಲ್ಲ. ಅಮ್ಮನಿಗೆ ಅಷ್ಟೇ ಸಮಾಧಾನ.

ಈ ಗ್ಯಾರೇಜು ಬದಿಯಡ್ಕದಿಂದ ಪೆರ್ಲ ಕಡೆ ಹೋಗುವಾಗ ಸಿಗುತ್ತದೆ. ಬೋರ್ಡಿಲ್ಲ. ಹಲಸಿನ ಮರದ ಅಡಿಯಲ್ಲಿ ಜೀಪಿನದ್ದೊಂದು ಹಳೇ ಸೀಟು ಇದೆ, ಅದೇ ವೈಟಿಂಗ್ ರೂಮ್. ಮೆಕ್ಯಾನಿಕ್ ಒಬ್ಬರೇ, ಜೊತೆಗೆ ಒಬ್ಬ ಹುಡುಗ. ನಾನು ಬಾನೆಟ್ ಎತ್ತಲು ಹೋದರೆ ಬೇಡ ಅಂದರು. "ಮೊದಲು ಹೇಳಿ ಭಟ್ರೆ, ಬಿಸಿ ಆಗುವುದು ನಿಂತಾಗವಾ, ಓಡುವಾಗವಾ?"

ಎರಡು ತಿಂಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ!

ನಿಂತಾಗ ಮಾತ್ರ ಅಂದೆ, ಹೆದ್ದಾರಿಯಲ್ಲಿ ಓಡಿದರೆ ಮುಳ್ಳು ತನ್ನಷ್ಟಕ್ಕೇ ಇಳಿಯುತ್ತದೆ ಅಂತಲೂ ಹೇಳಿದೆ. ಹಾಗಾದರೆ ಗಾಳಿಯ ಸಮಸ್ಯೆ ಅಂದರು. ಗಾಡಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಂಪು ಮಾಡ್ತದೆ, ನಿಂತರೆ ಫ್ಯಾನ್ ಒಂದೇ ಗತಿ. ಪಂಪ್ ಕೆಟ್ಟಿದ್ದರೆ ಅಥವಾ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಚಡಾವು ಹತ್ತುವಾಗಲೇ ಜಾಸ್ತಿ ಬಿಸಿ ಆಗಬೇಕಿತ್ತಂತೆ. ಆದರೆ ಫ್ಯಾನ್ ಜೋರಾಗಿ ತಿರುಗುತ್ತದಲ್ಲ, ನಾನೇ ನೋಡಿದ್ದೇನೆ ಅಂದೆ. ಅವರು ಸುಮ್ನೆ ನಕ್ಕರು. ಗಾಡಿ ಇಲ್ಲೇ ಬಿಟ್ಟು ಹೋಗಿ, ಇಂಜಿನ್ ತಣ್ಣಗಿರುವಾಗ ನೋಡಬೇಕು ಅಂದರು.

ಮರುದಿನ ಬೆಳಿಗ್ಗೆ ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿದರು, ಹಾಲು ಹಾಕಿದ ಚಾದ ಬಣ್ಣ ಏನೂ ಇರಲಿಲ್ಲ, ಅಂದರೆ ಆಯಿಲಿಗೆ ನೀರು ಸೇರಿಲ್ಲ. ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಶುರುವಿನಿಂದಲೇ ಗುಳ್ಳೆ ಬರ್ತಾ ಇರ್ತದೆ, ಪೈಪು ಬೇಗ ಗಟ್ಟಿಯಾಗ್ತದೆ ಅಂದರು. ಇಲ್ಲಿ ಗುಳ್ಳೆ ಇಲ್ಲ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ ಮಾತ್ರ ಗುಳುಕ್ ಗುಳುಕ್ ಅಂತ ನಾಲ್ಕೈದು ದೊಡ್ಡ ಗುಳ್ಳೆ ಬಂದು ನಿಂತಿತು, ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ) ಮಟ್ಟ ಕೆಳಗೆ ಹೋಯಿತು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಅದು. ಹೀಟರ್ ತಣ್ಣಗಿದ್ದದ್ದೂ ಅದಕ್ಕೇ, ಗಾಳಿ ಅಡ್ಡ ನಿಂತರೆ ಬಿಸಿ ನೀರು ಅಲ್ಲಿಗೆ ತಲುಪುವುದಿಲ್ಲವಲ್ಲ. ಹಳೇ ಗ್ಯಾರೇಜಿನವರು ಹೊಸ ರೇಡಿಯೇಟರ್ ತುಂಬಿಸಿ, ಗಾಳಿ ಬಿಡಿಸದೆ ಮುಚ್ಚಳ ಹಾಕಿ ಕೊಟ್ಟಿದ್ದರು.

ನನಗೆ ಅಲ್ಲಿಗೇ ಖುಷಿ. ಅವರಿಗೆ ಆಗಲಿಲ್ಲ. ಮುಚ್ಚಳ ಹಾಕಿ, ಏಸಿ ಆಫ್ ಇಟ್ಟು, ಫ್ಯಾನ್ ಆನ್ ಆಗುವವರೆಗೆ ಕಾದರು. ಆಮೇಲೆ ಕ್ಯಾಲೆಂಡರಿನಿಂದ ಹಳೇ ತಿಂಗಳಿನ ಹಾಳೆ ಹರಿದು, ಅಂಗೈಯಷ್ಟು ತುಂಡನ್ನು ಮುಂದಿನ ಗ್ರಿಲ್ಲಿಗೆ ಹಿಡಿದರು. ಫ್ಯಾನ್ ಗಾಳಿಯನ್ನು ಒಳಗೆ ಎಳೆಯಬೇಕು, ಅಂದರೆ ಕಾಗದ ಗ್ರಿಲ್ಲಿಗೆ ಅಂಟಬೇಕು. ಅದು ಹಾರಿ ಬಂದು ನನ್ನ ಅಂಗಿಗೆ ಬಡಿಯಿತು. ಹೊಸ ಮೋಟರ್ ಹಾಕಿದವರು ವಯರ್ ಎರಡನ್ನೂ ಅದಲು ಬದಲು ಸೇರಿಸಿ ಟೇಪು ಸುತ್ತಿದ್ದರು, ಹಾಗಾಗಿ ಫ್ಯಾನ್ ತಿರುಗುತ್ತಿತ್ತು, ಆದರೆ ಉಲ್ಟಾ. ಇಂಜಿನ್ ಕಡೆಯ ಬಿಸಿ ಗಾಳಿಯನ್ನೇ ರೇಡಿಯೇಟರಿಗೆ ಊದುತ್ತಾ ಇತ್ತು ಮಾರಾಯ್ರೆ. ಸರಿ ಮಾಡಲು ಹತ್ತು ನಿಮಿಷ.

ನನಗೂ ಬೈಗುಳ ಸಿಕ್ಕಿತು, ಬಿಡಿ. ದಾರಿಯಲ್ಲಿ ಕೂಲೆಂಟ್ ಕಡಿಮೆಯಾದಾಗಲೆಲ್ಲ ಮನೆಯ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ಹಾಕುತ್ತಿದ್ದೆ. ಕುಡಿಯಲು ಅದಕ್ಕಿಂತ ಒಳ್ಳೆಯ ನೀರಿಲ್ಲ, ಆದರೆ ಬರೀ ನೀರು ಬೇಗ ಕುದಿಯುತ್ತದೆ, ಒಳಗೆ ತುಕ್ಕು ಹಿಡಿಸುತ್ತದೆ. ಎಲ್ಲ ಖಾಲಿ ಮಾಡಿಸಿ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ತುಂಬಿಸಿದರು. ಕೂಲಿ 400 ರೂಪಾಯಿ, ಕೂಲೆಂಟಿನ ದುಡ್ಡು ಬೇರೆ.

ದೂರು ಇಲ್ಲ ಅಂತಲ್ಲ. ಫೋನ್ ಎತ್ತುವುದಿಲ್ಲ. ಎಂಟಕ್ಕೆ ಬನ್ನಿ ಅಂದವರು ಬಂದದ್ದು ಒಂಬತ್ತೂವರೆಗೆ. ಬಿಲ್ ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಟ್ಟರು. ಪಂಪ್, ಥರ್ಮೋಸ್ಟಾಟ್ ಸುಮ್ನೆ ಬದಲಿಸಿದ್ದಾ ಅಂತ ಕೇಳಿದ್ದಕ್ಕೆ ಉತ್ತರ ಕೊಡಲೇ ಇಲ್ಲ, ಬೇರೆಯವರ ಕೆಲಸದ ಬಗ್ಗೆ ಮಾತಾಡುವವರಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದು ಫೋನಿನ ಲೆಕ್ಕದ್ದು.

ಕಳೆದ ವಾರ ಉಪ್ಪಳದಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡೆವು, ಮುಳ್ಳು ಅರ್ಧ ದಾಟಲಿಲ್ಲ. ಹೋಗುವವರು ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿಗೆ ಮುಚ್ಚಿರುತ್ತಾರೆ. ಮತ್ತೆ ಗಾಡಿ ಹಿಂದಿನ ದಿನವೇ ಬಿಟ್ಟು ಬನ್ನಿ, ಬಿಸಿ ಇಂಜಿನ್ನಿನ ಮುಚ್ಚಳ ಅವರು ಮುಟ್ಟುವುದೂ ಇಲ್ಲ, ನಿಮ್ಮನ್ನು ಮುಟ್ಟಲು ಬಿಡುವುದೂ ಇಲ್ಲ.