ಮೇಲ್ಮಹಡಿಯ ಶವರ್‌ಗೆ ಬೂಸ್ಟರ್ ಪಂಪ್: ಕಲಬುರಗಿ ಮನೆಗಳಲ್ಲಿ ಎಲ್ಲಿ ಕೈಕೊಡುತ್ತದೆ?

ಮಾಳಿಗೆ ಮೇಲೆ ಸಿಂಟೆಕ್ಸ್, ಅದರ ಕೆಳಗೇ ಬಾತ್‌ರೂಮ್. ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಬಹುತೇಕ ಮನೆಗಳ ಕಟ್ಟಡವೇ ಹೀಗಿದೆ. ಟ್ಯಾಂಕಿನ ನೀರಿಗೂ ಶವರ್‌ಗೂ ಒಂದೂವರೆ ಮೀಟರ್ ಅಂತರವಿದ್ದರೆ ಸಿಗುವ ಒತ್ತಡ 0.15 ಬಾರ್ ಮಾತ್ರ. ದೊಡ್ಡ ರೇನ್ ಶವರ್ ಸರಿಯಾಗಿ ಸುರಿಯಲು ಹೆಚ್ಚುಕಡಿಮೆ 1 ಬಾರ್ ಬೇಕು. ಈ ಕೊರತೆ ತುಂಬಲು ಪೈಪಿನ ನಡುವೆಯೇ ಕೂರಿಸುವ, ಸುಮಾರು 100–120 ವ್ಯಾಟ್‌ನ ಸಣ್ಣ ಬೂಸ್ಟರ್ ಪಂಪ್ ಸಾಕು. ವಸ್ತು ಒಳ್ಳೆಯದೇ. ಹಾಕಿಸಿದ ಮೊದಲ ವಾರದಲ್ಲೇ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಫಿಟಿಂಗ್, ಮೋಟಾರ್ ಅಲ್ಲ.

ಎಲ್ಲಕ್ಕಿಂತ ಸಾಮಾನ್ಯ ದೂರು: ನಳ ತಿರುವಿದರೂ ಪಂಪ್ ಶುರುವಾಗುವುದಿಲ್ಲ. ಪಂಪಿನ ಬಾಯಲ್ಲಿ ಒಂದು ಫ್ಲೋ ಸ್ವಿಚ್ ಇರುತ್ತದೆ. ಹರಿಯುವ ನೀರು ಒಳಗಿನ ಅಯಸ್ಕಾಂತದ ತುಂಡನ್ನು ಸರಿಸಿದಾಗಲೇ ಕರೆಂಟ್ ಹೋಗುವುದು. ಅದಕ್ಕೆ ನಿಮಿಷಕ್ಕೆ ಒಂದೂವರೆ–ಎರಡು ಲೀಟರ್‌ನಷ್ಟಾದರೂ ನೀರು ತಾನಾಗಿ ಹರಿಯಬೇಕು. ಪರೀಕ್ಷೆ ಸುಲಭ. ಪಂಪಿನ ಮೇಲಿನ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸಿ. ಆಗ ನೀರು ಜೋರಾಗಿ ಬಂದರೆ ಮೋಟಾರ್ ಸರಿಯಿದೆ ಎಂದರ್ಥ. ನಂತರ ಪಂಪ್ ಆಫ್ ಮಾಡಿ, ಶವರ್ ಹೆಡ್ ಕಳಚಿ, ಒಂದು ಲೀಟರ್‌ನ ಜಗ್ ಹಿಡಿಯಿರಿ. ತುಂಬಲು 30 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಫ್ಲೋ ಸ್ವಿಚ್ ಏಳುವುದೇ ಅನುಮಾನ. ಅರ್ಧ ತೆರೆದ ಗೇಟ್ ವಾಲ್ವ್, ಆಂಗಲ್ ವಾಲ್ವ್‌ನಲ್ಲಿ ಸಿಕ್ಕಿದ ಟೆಫ್ಲಾನ್ ಟೇಪಿನ ಚೂರು, ಜಾಯಿಂಟ್ ಒಳಗೆ ಗಟ್ಟಿಯಾದ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನ ಅಂಟು, ಬೇಡದ ಎಲ್ಬೋಗಳು: ಹುಡುಕಬೇಕಾದ್ದು ಇವನ್ನು. ಟ್ಯಾಂಕಿನಿಂದ ಪಂಪಿನವರೆಗೆ ಮುಕ್ಕಾಲು ಇಂಚಿನ ಪೈಪೇ ಇರಲಿ. ಅಲ್ಲಿ ಅರ್ಧ ಇಂಚು ಹಾಕಿ ಉಳಿಸುವ ಹಣಕ್ಕೆ ಅರ್ಥವಿಲ್ಲ. ಶವರ್ ಟ್ಯಾಂಕಿನ ತಳದ ಮಟ್ಟಕ್ಕೇ ಇದ್ದರೆ ಮಾತ್ರ ಈ ಬಗೆಯ ಪಂಪ್ ಬೇಡ, ಪೈಪಿನ ಒತ್ತಡ ಇಳಿದಾಗ ಶುರುವಾಗುವ ಪ್ರೆಶರ್ ಸ್ವಿಚ್ ಇರುವುದನ್ನೇ ಕೊಳ್ಳಬೇಕು.

ಗುಂಯ್ ಎನ್ನುತ್ತದೆ, ನೀರು ಬರುವುದಿಲ್ಲ ಎಂದರೆ ಮೊದಲ ಅನುಮಾನ ಗಾಳಿಯ ಮೇಲೆ. ಮೇನ್ ಆಫ್ ಮಾಡಿ, ಎರಡೂ ಬದಿಯ ವಾಲ್ವ್ ತೆರೆದಿಟ್ಟು, ಮೋಟಾರಿನ ಮುಖದ ನಡುವಿನ ದೊಡ್ಡ ಸ್ಕ್ರೂವನ್ನು ನಿಧಾನಕ್ಕೆ ಸಡಿಲಿಸಿ. ಮೊದಲು ಗಾಳಿ, ಆಮೇಲೆ ಗುಳ್ಳೆ ಬೆರೆತ ನೀರು, ಕೊನೆಗೆ ಬರಿಯ ನೀರು ಬರುತ್ತದೆ. ಆಗ ಬಿಗಿಯಿರಿ. ಬಿಸಿನೀರಿನ ಲೈನ್ ಆಗಿದ್ದರೆ ಕೈ ಜೋಪಾನ. ಗಾಳಿ ಹೋದರೂ ತಿರುಗದಿದ್ದರೆ ವಾಲ್ವ್ ಮುಚ್ಚಿ, ಅದೇ ಸ್ಕ್ರೂ ಪೂರ್ತಿ ತೆಗೆಯಿರಿ. ಶಾಫ್ಟಿನ ತುದಿಯಲ್ಲಿ ಗೀರು ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಒಂದೆರಡು ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ನಮ್ಮ ಬೋರ್ ನೀರಿನ ಸುಣ್ಣ, ಪಂಪ್ ಕೆಲವು ವಾರ ಸುಮ್ಮನಿದ್ದರೆ ಒಳಗೆ ತಿರುಗುವ ರೋಟರನ್ನು ಹಿಡಿದುಬಿಡುತ್ತದೆ. ಸಂಜೆ ಹೊತ್ತು ಮಾತ್ರ ಗುಂಯ್‌ಗುಟ್ಟಿದರೆ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡಿ. ಅದೂ ಸರಿಯಿದ್ದರೆ ಕೆಪಾಸಿಟರ್ ಬದಲಿಸಿ, ಹಳೆಯದರ ಮೇಲಿರುವ ಅಳತೆಯದನ್ನೇ ಹಾಕಿ.

ಶಾಫ್ಟ್ ಅಡ್ಡವಾಗಿಯೇ ಇರಬೇಕು. ಇಂಥ ಪಂಪಿನ ಬೇರಿಂಗಿಗೆ ನೀರೇ ಎಣ್ಣೆ. ಮೋಟಾರ್ ಆಕಾಶ ನೋಡುವಂತೆ ಕೂರಿಸಿದರೆ ಮೇಲಿನ ಬೇರಿಂಗಿನಲ್ಲಿ ಗಾಳಿ ನಿಂತು ಅದು ಒಣಗಿ ಸವೆಯುತ್ತದೆ. ಬಾಡಿಯ ಮೇಲಿನ ಬಾಣದ ಗುರುತು ಶವರ್ ಕಡೆಗಿದೆಯೇ ಎಂದೂ ಒಮ್ಮೆ ನೋಡಿ.

ಸೋಲಾರ್ ಇರುವ ಮನೆಯಲ್ಲಿ ಇನ್ನೊಂದು ತೊಂದರೆ ಕಾದಿರುತ್ತದೆ. ಪಂಪ್ ಹಾಕಿದ ದಿನದಿಂದ ಸೋಲಾರ್ ಟ್ಯಾಂಕಿನ ಗಾಳಿ ಪೈಪಿನಿಂದ ನೀರು ಚೆಲ್ಲುತ್ತದೆ, ಶವರ್‌ನಲ್ಲಿ ಬಿಸಿನೀರೇ ಇಲ್ಲ. ತಣ್ಣೀರಿನ ಲೈನಿಗೆ ಮಾತ್ರ ಪಂಪ್ ಹಾಕಿರುತ್ತಾರೆ. ಒತ್ತಡ ಹೆಚ್ಚಿದ ತಣ್ಣೀರು, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಳ ದಾಟಿ ಬಿಸಿ ಲೈನಿನಲ್ಲಿ ಹಿಂದಕ್ಕೆ ಏರುತ್ತದೆ. ಬಿಸಿ ಲೈನಿಗೆ, ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿದರೆ ಚೆಲ್ಲುವುದು ನಿಲ್ಲುತ್ತದೆ, ಆದರೆ ಬಿಸಿನೀರು ಸಮನಾಗಿ ಬೆರೆಯುವುದಿಲ್ಲ. ಸರಿಯಾದ ದಾರಿ, ಸೋಲಾರ್‌ನಿಂದ ಹೊರಬರುವ ಲೈನಿಗೂ ಒಂದು ಪಂಪ್ ಹಾಕುವುದು. ಅದು ಬಿಸಿನೀರು ತಡೆಯುತ್ತದೆ ಎಂದು ಪ್ಲೇಟಿನ ಮೇಲೆ ಅಚ್ಚಾಗಿರಬೇಕು. ಸೋಲಾರ್ ಟ್ಯಾಂಕಿನ ಒಳಹರಿವಿಗೆ ಪಂಪ್ ಕೂರಿಸಬೇಡಿ. ಗ್ಲಾಸ್ ಟ್ಯೂಬಿನ ಸಾಮಾನ್ಯ ಸೋಲಾರ್ ಟ್ಯಾಂಕ್ ಒತ್ತಡ ತಡೆಯುವಂಥದ್ದಲ್ಲ. ಕರೆಂಟ್ ಗೀಸರ್ ಇದ್ದವರಿಗೆ ಈ ತಲೆನೋವಿಲ್ಲ. ತಣ್ಣೀರು, ಗೀಸರ್ ಎರಡಕ್ಕೂ ಮೊದಲಿನ ಕೂಡು ಲೈನಿನಲ್ಲಿ ಒಂದೇ ಪಂಪ್ ಸಾಕು.

ಎಲ್ಲ ನಳ ಮುಚ್ಚಿದರೂ ಪಂಪ್ ನಿಲ್ಲದಿದ್ದರೆ ಫ್ಲಶ್ ಟ್ಯಾಂಕ್ ಸೋರುತ್ತಿದೆಯೇ ನೋಡಿ. ಸೋರಿಕೆ ಇಲ್ಲವೆಂದರೆ ಫ್ಲೋ ಸ್ವಿಚ್ ಬಿಚ್ಚಿ. ಅಯಸ್ಕಾಂತಕ್ಕೆ ತುಕ್ಕಿನ ಪುಡಿ ಮೆತ್ತಿಕೊಂಡು ಮೇಲೆಯೇ ಸಿಕ್ಕಿರುತ್ತದೆ. ಒರೆಸಿ ಹಾಕಿದರೆ ಆಯಿತು.

ಈ ಪಂಪುಗಳ ನಿಜವಾದ ಕೊರತೆ ಎರಡು. ಹೆಚ್ಚಿನವುಗಳ ಡಬ್ಬಿಯಲ್ಲಿ ಕಸ ತಡೆಯುವ ಸ್ಟ್ರೈನರ್ ಇರುವುದಿಲ್ಲ, ನಮ್ಮ ನೀರಿಗೆ ಅದಿಲ್ಲದೆ ನಡೆಯದು. ವೈ ಆಕಾರದ್ದನ್ನು ಬೇರೆ ಕೊಂಡು ಪಂಪಿಗೆ ಮೊದಲು ಹಾಕಿಸಿ, ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ. ಇನ್ನೊಂದು, ಟ್ಯಾಂಕ್ ಬರಿದಾದರೆ ತಾನಾಗಿ ನಿಲ್ಲುವ ಭರವಸೆ ಇಲ್ಲ, ಮ್ಯಾನುಯಲ್‌ನಲ್ಲಿ ಬಿಟ್ಟಿದ್ದರಂತೂ ಒಣಗಿ ಓಡುತ್ತದೆ. ದಿನಾ ನೀರು ಬಿಡದ ಊರಿನಲ್ಲಿ ಟ್ಯಾಂಕಿಗೊಂದು, ನೀರಿನ ಮಟ್ಟ ಇಳಿದರೆ ಕರೆಂಟ್ ಕಡಿಯುವ ಫ್ಲೋಟ್ ಸ್ವಿಚ್ ಹಾಕಿ ಪಂಪಿನ ಕರೆಂಟ್ ಅದರ ಮೂಲಕವೇ ಹಾಯಿಸುವುದು ಒಳ್ಳೆಯದು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಮತ್ತು ಅರ್ಥಿಂಗ್ ಇಲ್ಲದೆ ಬಾತ್‌ರೂಮಿನ ಲೈನಿಗೆ ಮೋಟಾರ್ ಜೋಡಿಸಲೇಬೇಡಿ. ಮಾಳಿಗೆ ಮೇಲೆ ಕೂರಿಸುವುದಾದರೆ ನೆರಳು ಬೇಕೇ ಬೇಕು. ಎರಡು ಸಾಲು ಇಟ್ಟಿಗೆ ಮೇಲೊಂದು ಶಹಾಬಾದ್ ಫರ್ಸಿ ಇಟ್ಟರೆ ಬೇಸಿಗೆಯ ಬಿಸಿಲೂ ಮಳೆಯೂ ತಪ್ಪುತ್ತದೆ, ಬದಿಯಿಂದ ಗಾಳಿಯೂ ಆಡುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಲ್ಲಿ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದ್ದು, ಅದೇ ಮಾಡೆಲಿನ ಫ್ಲೋ ಸ್ವಿಚ್ ಬಿಡಿಯಾಗಿ ಸಿಗುತ್ತದೆಯೇ ಎಂದು. ಸಿಗದಿದ್ದರೆ ಬೇರೆ ಮಾಡೆಲ್ ನೋಡಿ. ಎರಡಂತಸ್ತಿನ ಮನೆಯ ಕೆಳಗಿನ ಬಾತ್‌ರೂಮಿಗೆ ಪಂಪ್ ಬೇಕೆನ್ನುವವರು ಮೊದಲು ಶವರ್ ಹೆಡ್ಡನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ತೂತುಗಳ ಸುಣ್ಣ ತೆಗೆದು ನೋಡಲಿ.