ಒಂದೆಲಗ ಅಂತ ಕೊಳದ ಗಿಡ ಕೊಡುತ್ತಿದ್ದಾರೆ, ಹುಷಾರು!

ಬೆಂಗಳೂರಿನಲ್ಲಿ ಕುಂಡದಲ್ಲಿ ಒಂದೆಲಗದ ಸೊಪ್ಪು ಬೆಳೆಸೋಣ ಅಂತಿರುವವರು ದಯವಿಟ್ಟು ಇದನ್ನು ಓದಿ. ಬನಶಂಕರಿ ಕಡೆಯ ಒಂದು ನರ್ಸರಿಯವರು ವಾಟ್ಸಾಪ್ ಗ್ರೂಪುಗಳಲ್ಲಿ "ಮಲೆನಾಡಿನ ಅಸಲಿ ಒಂದೆಲಗ" ಅಂತ ಫೋಟೋ ಹಾಕಿ ಮಾರುತ್ತಿದ್ದಾರೆ. ಪುಟ್ಟ ಕುಂಡಕ್ಕೆ 280 ರೂಪಾಯಿ, ಡೆಲಿವರಿ ಬೇರೆ. ದುಡ್ಡು ಮೊದಲೇ ಹಾಕಬೇಕು. ಮಗನಿಗೆ ಪದೇ ಪದೇ ಬಾಯಿಹುಣ್ಣು ಆಗುತ್ತದೆ, ಮನೆಯಲ್ಲೇ ಎಲೆ ಇದ್ದರೆ ತಂಬುಳಿ ಮಾಡಬಹುದು ಅಂತ ತರಿಸಿದೆ.

ಗಿಡ ಚೆನ್ನಾಗಿಯೇ ಹಬ್ಬಿತು. ಶಿರಸಿಯಿಂದ ದೊಡ್ಡಮ್ಮ ಬಂದಿದ್ದರು. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹುರಿದಿಟ್ಟು, ಕಾಯಿ ತುರಿದು, ಎಲೆ ಕಿತ್ತು ತಂದೆ. ದೊಡ್ಡಮ್ಮ ಒಂದೆಲೆ ತಿರುಗಿಸಿ ನೋಡಿದರು. ಹಿಸುಕಿ ಮೂಸಿದರು. "ಇದು ಒಂದೆಲಗ ಅಲ್ಲ ಕೂಸೇ. ಎಲ್ಲಿಂದ ತಂದೆ?" ಅಂದರು. ಅತ್ತೆ, ನಾದಿನಿ ಎಲ್ಲರೂ ಅಲ್ಲೇ ಇದ್ದರು. ನನಗೆ ಮುಖ ಎತ್ತಲು ಆಗಲಿಲ್ಲ.

ದಂಟು ಕೊಡೆಯ ಕೋಲಿನ ಹಾಗೆ ಎಲೆಯ ನಡುಮಧ್ಯಕ್ಕೆ ಸೇರಿತ್ತು. ಒಂದೆಲಗದ ಎಲೆಗೆ ಒಂದು ಕಡೆ ಸೀಳು ಇರುತ್ತದೆ, ದಂಟು ಸೇರುವುದು ಅಲ್ಲಿಗೆ. ನನಗೆ ಕೊಟ್ಟಿದ್ದು ಕೊಳದ ಬದಿಯಲ್ಲಿ, ಅಕ್ವೇರಿಯಂನಲ್ಲಿ ಅಂದಕ್ಕೆ ಬೆಳೆಸುವ ವಾಟರ್ ಪೆನ್ನಿವರ್ಟ್. ಬೇರೆಯೇ ಗಿಡ!

ನರ್ಸರಿಯವರಿಗೆ ಫೋಟೋ ಕಳಿಸಿ ಕೇಳಿದೆ. "ಮೇಡಂ, ಇದು ಹೈಬ್ರಿಡ್ ಒಂದೆಲಗ." ಹೈಬ್ರಿಡ್ ಅಂತೆ! ಬಿಡದೆ ಕೇಳಿದ್ದಕ್ಕೆ, "ಎಲ್ಲಾ ಒಂದೇ ಮೇಡಂ, ತಿಂದ್ರೆ ಏನೂ ಆಗಲ್ಲ." ಔಷಧಿ ಏನಾದರೂ ಹೊಡೆದಿದ್ದೀರಾ ಅಂದೆ. "ಹುಳ ಬರಬಾರದು ಅಂತ ಸ್ವಲ್ಪ ಹೊಡೀತೀವಿ, ಅಷ್ಟೇ." ಅಷ್ಟೇ! ಮಗುವಿಗೆ ತಿನ್ನಿಸುವ ಎಲೆ ಅಂತ ಆರ್ಡರ್ ಮಾಡುವಾಗಲೇ ಹೇಳಿದ್ದೆ. ಹೇಳಿದ್ದೆ ಅಲ್ವಾ ಅಂತ ಕೇಳಿದರೆ ಅದಕ್ಕೆ ಉತ್ತರವೇ ಇಲ್ಲ. ದುಡ್ಡು ವಾಪಸ್ ಕೊಡಿ ಅಂದಾಗ, "ಗಿಡಕ್ಕೆ ರಿಟರ್ನ್ ಇಲ್ಲ." ಆಮೇಲೆ ನನ್ನನ್ನು ಬ್ಲಾಕ್ ಮಾಡಿದರು.

280 ರೂಪಾಯಿ ಹೋಗಲಿ. ಒಂದೆಲಗ ಅಂದರೆ ಮಂಗಳೂರು ಕಡೆಯವರು ತಿಮರೆ ಅಂತ ಕರೆದು ಚಟ್ನಿ ಅರೆಯುವ ಸೊಪ್ಪು. ಆಯುರ್ವೇದದಲ್ಲಿ ಮಂಡೂಕಪರ್ಣಿ ಅಂತ ಬುದ್ಧಿಗೆ, ನೆನಪಿಗೆ ಕೊಡುತ್ತಾರೆ. ಹಾಗಾಗಿ ಜನ ನಂಬಿ ಮಕ್ಕಳ ಬಾಯಿಗೆ ಹಾಕುತ್ತಾರೆ. ಆ ನಂಬಿಕೆಯನ್ನೇ ಇವರು ಮಾರಿಕೊಳ್ಳುತ್ತಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಅಸಲಿ ಒಂದೆಲಗ ಬೇಕಿದ್ದರೆ ಗಾಂಧಿ ಬಜಾರ್, ಮಲ್ಲೇಶ್ವರದ ಕಡೆ ಸೊಪ್ಪಿನವರ ಹತ್ತಿರ ಕೇಳಿ ನೋಡಿ, ಎಷ್ಟೋ ಸಲ ಬೇರು ಸಮೇತ ಕಟ್ಟು ಸಿಗುತ್ತದೆ. ಬೇರಿರುವ ಒಂದು ಬಳ್ಳಿ ನೆಟ್ಟರೆ ಸಾಕು, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಹಬ್ಬುತ್ತದೆ. ಚರಂಡಿ ಪಕ್ಕದ್ದು ಮಾತ್ರ ಬೇಡ.

ಇವತ್ತೂ ಅದೇ ಜಾಹೀರಾತು ಇನ್ನೊಂದು ಗ್ರೂಪಿನಲ್ಲಿ ಬಂದಿದೆ. ಫೋಟೋದಲ್ಲಿ ಇರುವುದು ನಿಜವಾದ ಒಂದೆಲಗವೇ, ಕಳಿಸುವುದು ಬೇರೆ. ಗಿಡ ಕೈಯಲ್ಲಿ ಹಿಡಿದು ದಂಟು ನೋಡುವ ತನಕ ಒಂದು ರೂಪಾಯಿಯನ್ನೂ ಹಾಕಬೇಡಿ.