ಹಲ್ಲಿಗೆ ಕ್ಲಿಪ್ ಇದ್ದಾಗ ಯಾವ ಐಸ್‌ಕ್ರೀಮ್? ಕಪ್, ಕ್ಯಾಂಡಿ, ಕುಲ್ಫಿ, ಗಡ್‌ಬಡ್ ಎಲ್ಲಾ ತಿಂದು ನೋಡಿದೆ

ನನ್ನ ಹಲ್ಲಿಗೆ ಕ್ಲಿಪ್ ಹಾಕಿಸಿ 14 ತಿಂಗಳಾಯಿತು. ಮನೆ ಇರುವುದು ಮಂಗಳೂರಿನಲ್ಲಿ, ಹಾಗಾಗಿ ಐಸ್‌ಕ್ರೀಮ್ ಬಿಡುವ ಮಾತೇ ಇಲ್ಲ. ಕ್ಲಿಪ್ ಹಾಕಿಸಿ ಬಂದ ದಿನ ಅಮ್ಮ, "ಇನ್ನು ಎರಡು ವರ್ಷ ತಣ್ಣಗಿನದ್ದು ಮುಟ್ಟಬೇಡ" ಅಂದರು. ಡಾಕ್ಟರ್ ಹೇಳಿದ್ದು ಬೇರೆ: "ತಣ್ಣಗಿರೋದು ತಿನ್ನಿ, ಗಟ್ಟಿ ಇರೋದನ್ನ ಕಚ್ಚಬೇಡಿ." ಈ ಮಾತು ಹಿಡಿದುಕೊಂಡು ಒಂದೊಂದನ್ನೇ ತಿಂದು ನೋಡಿದೆ.

ಮೊದಲು ಕಪ್ ಐಸ್‌ಕ್ರೀಮ್. ತಂತಿ ಬಿಗಿ ಮಾಡಿಸಿಕೊಂಡು ಬಂದ ಮೇಲೆ ಎರಡು ಮೂರು ದಿನ ಅನ್ನ ಅಗಿಯುವುದೂ ಕಷ್ಟ, ಅದು ಕ್ಲಿಪ್ ಹಾಕಿಸಿಕೊಂಡವರಿಗೆಲ್ಲಾ ಗೊತ್ತು. ಆ ಹೊತ್ತಿಗೆ ಒಂದು ಸಾದಾ ವೆನಿಲ್ಲಾ ಕಪ್ ಕೊಡುವ ಸುಖ ಬೇರೆ ಯಾವುದೂ ಕೊಡುವುದಿಲ್ಲ. ತಣ್ಣಗೆ ತಾಗಿದ ಕಡೆ ನೋವು ಮಂದವಾಗುತ್ತದೆ, ಅದು ಒಂದು ಕಾರಣ. ಇನ್ನೊಂದು ಕಾರಣ ತಂತಿಯಲ್ಲೇ ಇದೆ. ಶುರುವಿನಲ್ಲಿ ಹಾಕುವ ನಿಕ್ಕಲ್ ಟೈಟಾನಿಯಂ ತಂತಿಗಳಲ್ಲಿ ಒಂದು ಬಗೆಯದು ಬಾಯಿಯ ಬಿಸಿಗೆ ಬಿಗಿಯಾಗಿ ಹಲ್ಲನ್ನು ಎಳೆಯುತ್ತದೆ, ತಣ್ಣಗಾದರೆ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ. ನನಗೆ ಹಾಕಿದ್ದು ಅದೇ. ಫ್ರೀಜರ್‌ನಿಂದ ತೆಗೆದು ಐದು ನಿಮಿಷ ಹೊರಗಿಟ್ಟು, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನಾಲಿಗೆ ಮೇಲೆ ಇಟ್ಟುಕೊಂಡರೆ ಹಲ್ಲಿಗೆ ಕೆಲಸವೇ ಇಲ್ಲ. ಎಳನೀರು ಐಸ್‌ಕ್ರೀಮ್ ಕೂಡ ಹೀಗೇ, ಅದರೊಳಗಿನ ಗಂಜಿ ಎಷ್ಟು ಮೆತ್ತಗೆ ಅಂದರೆ ನಾಲಿಗೆಯಲ್ಲೇ ಒತ್ತಿ ನುಂಗಬಹುದು.

ಇದರ ಎದುರು ಐಸ್ ಕ್ಯಾಂಡಿ ಪೂರ್ತಿ ಸೋತಿತು. ಚೀಪಿದರೆ ಏನೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಕೊನೆಯ ತುಂಡು ಕಡ್ಡಿಯಿಂದ ಜಾರುವಾಗ ಯಾರು ತಾನೇ ಕಚ್ಚದೆ ಇರುತ್ತಾರೆ? ಏಪ್ರಿಲ್ ಸೆಖೆಯಲ್ಲಿ ಕಿತ್ತಳೆ ಕ್ಯಾಂಡಿ ತಿನ್ನುತ್ತಿದ್ದೆ, ಬಲಗಡೆ ಕಚ್ಚಿದೆ, ಕಟ್ ಅಂತ ಸದ್ದಾಯಿತು. ಐಸ್‌ನ ಸದ್ದು ಅಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಕೆಳಗಿನ ಹಲ್ಲಿನ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಅಂಟು ಬಿಟ್ಟು, ತಂತಿಯಲ್ಲಿ ಪೋಣಿಸಿದ ಮಣಿಯ ಹಾಗೆ ಅತ್ತಿತ್ತ ಜಾರುತ್ತಿತ್ತು. ಪುನಃ ಅಂಟಿಸಿಕೊಳ್ಳಲು ನಾಲ್ಕು ದಿನ ಕಾಯಬೇಕಾಯಿತು, ಆ ನಾಲ್ಕೂ ದಿನ ಕೆನ್ನೆಯೊಳಗೆ ಚುಚ್ಚದ ಹಾಗೆ ಮೇಣ ಮೆತ್ತಿಕೊಂಡಿದ್ದೆ.

ಚಾಕೋಬಾರ್ ಕೂಡ ಬೇಡ. ಮೇಲಿನ ಚಾಕೊಲೇಟ್ ಪದರ ಒಡೆಯಬೇಕಾದರೆ ಮುಂದಿನ ಹಲ್ಲೇ ಬೇಕು. ಕೋನ್‌ನಲ್ಲಿ ಮೇಲಿನದ್ದನ್ನು ಚಮಚದಲ್ಲಿ ತಿಂದು, ಕೋನನ್ನು ತಮ್ಮನಿಗೆ ಕೊಟ್ಟುಬಿಡುತ್ತೇನೆ.

ಕುಲ್ಫಿ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಯಿತು. ಐಸ್‌ಕ್ರೀಮ್ ಮಾಡುವಾಗ ಕಡೆದು ಗಾಳಿ ಸೇರಿಸುತ್ತಾರೆ, ಅದಕ್ಕೇ ಹಗುರ. ಕುಲ್ಫಿಗೆ ಹಾಲನ್ನು ಕುದಿಸಿ ಕುದಿಸಿ ಬತ್ತಿಸಿ ಹಾಗೇ ಹೆಪ್ಪುಗಟ್ಟಿಸುತ್ತಾರೆ, ಅದಕ್ಕೇ ಕಲ್ಲಿನಂತೆ ಗಟ್ಟಿ. ಕಡ್ಡಿ ಕುಲ್ಫಿಯನ್ನು ಕಚ್ಚಿ ತಿನ್ನುವುದು ಕ್ಯಾಂಡಿಯಷ್ಟೇ ಅಪಾಯ. ಆದರೆ ಅದನ್ನೇ ತಟ್ಟೆಗೆ ಇಳಿಸಿ, ಚಾಕುವಿನಲ್ಲಿ ಬಿಲ್ಲೆ ಬಿಲ್ಲೆ ಮಾಡಿ, ಅಂಚು ಕರಗಿ ಹಾಲು ಬಿಡುವ ತನಕ ಕಾದರೆ, ಕಪ್‌ಗಿಂತ ರುಚಿ ನಿಜವಾಗಿ ಜಾಸ್ತಿ! ಮಟ್ಕಾ ಕುಲ್ಫಿ ಇನ್ನೂ ಸುಲಭ, ಕೆರೆದು ಕೆರೆದು ತಿನ್ನಬಹುದು. ಪಿಸ್ತಾ ಚೂರು ಇಲ್ಲದ್ದನ್ನು ಕೇಳಿ.

ಫಲೂದಾ ಮೆತ್ತಗೆ, ಕಚ್ಚುವಂಥದ್ದು ಏನೂ ಇಲ್ಲ, ಹಾಗಾಗಿ ಒಳ್ಳೆಯದು ಅಂತ ನಂಬಿದ್ದೆ. ಆದರೆ ಕಾಮಕಸ್ತೂರಿ ಬೀಜ! ಒಂದೊಂದು ಬ್ರಾಕೆಟ್ ಸುತ್ತ ನಾಲ್ಕೈದು ಕಪ್ಪು ಕಾಳು ಲೋಳೆ ಸಮೇತ ಅಂಟಿಕೊಂಡು, ಶಾವಿಗೆ ತಂತಿಗೆ ಸುತ್ತಿಕೊಂಡು, ಬಿಡಿಸಲು ಸಣ್ಣ ಬ್ರಷ್ ಹಿಡಿದು ಕಾಲು ಗಂಟೆ ನಿಂತಿದ್ದೆ. ಬ್ರಾಕೆಟ್‌ಗೆ ಏನೂ ಆಗಲಿಲ್ಲ, ಆದರೂ ಮದುವೆ ಮನೆಯಲ್ಲಿ ಮಾತ್ರ ಬೇಡವೇ ಬೇಡ.

ಇವೆಲ್ಲಕ್ಕಿಂತ ನಾನು ಗಡ್‌ಬಡ್ ಪರ. ನಮ್ಮ ಕರಾವಳಿಯ ಗಡ್‌ಬಡ್ ಗೊತ್ತಲ್ವಾ, ಉದ್ದ ಗ್ಲಾಸಿನಲ್ಲಿ ಎರಡು ಮೂರು ಬಗೆಯ ಐಸ್‌ಕ್ರೀಮ್, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ, ದ್ರಾಕ್ಷಿ. ಮಂಗಳೂರಲ್ಲಿ 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮ್ ಕಂಪನಿಯವರ ಪಬ್ಬಾಸ್ ಪಾರ್ಲರ್‌ಗೆ ಹೋದಾಗ ಬೇರೆಯವರು ತಿನ್ನುವುದನ್ನು ಸುಮ್ನೆ ನೋಡುತ್ತಾ ಕೂರುವುದು ನನ್ನಿಂದ ಆಗಲಿಲ್ಲ. ತೊಂದರೆ ಮಾಡುವುದು ಅದರಲ್ಲಿ ಎರಡೇ: ಗೋಡಂಬಿ ಗಟ್ಟಿ, ಒಣದ್ರಾಕ್ಷಿ ಅಂಟು. ಅವೆರಡನ್ನೂ ಬಿಟ್ಟರೆ ಉಳಿದದ್ದೆಲ್ಲಾ ಮೆತ್ತಗಿನದ್ದೇ, ಸೇಬಿನ ತುಂಡು ದಪ್ಪ ಇದ್ದರೆ ಅದನ್ನೂ ಪಕ್ಕಕ್ಕಿಡಿ. ಉದ್ದ ಚಮಚ ಇರುವುದರಿಂದ ಮುಂದಿನ ಹಲ್ಲಿಗೆ ತಾಗಿಸದೆ ನೇರ ನಾಲಿಗೆಗೆ ಇಳಿಸಬಹುದು.

ಸಕ್ಕರೆ ಮಾತ್ರ ಯಾವುದರಲ್ಲೂ ಕಡಿಮೆ ಇಲ್ಲ. ಅದು ಬ್ರಾಕೆಟ್ ಸುತ್ತ ಕೂತರೆ ಕ್ಲಿಪ್ ತೆಗೆದ ಮೇಲೆ ಹಲ್ಲಿನಲ್ಲಿ ಬಿಳಿ ಕಲೆ ಉಳಿಯುತ್ತದೆ, ಎರಡು ವರ್ಷ ಕಷ್ಟಪಟ್ಟಿದ್ದು ಆ ಕಲೆ ನೋಡುವುದಕ್ಕಲ್ಲವಲ್ಲ. ಹಾಗಾಗಿ ಗಂಟೆಗಟ್ಟಲೆ ಚೀಪುತ್ತಾ ಕೂರದೆ ಒಂದೇ ಸಲ ತಿಂದು ಮುಗಿಸುತ್ತೇನೆ, ತಕ್ಷಣ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತೇನೆ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡುತ್ತೇನೆ. ಹುಳಿ ಇರುವ ಕ್ಯಾಂಡಿ ತಿಂದ ಕೂಡಲೇ ಉಜ್ಜಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ.

ಆರ್ಡರ್ ಮಾಡುವಾಗ ನಾಚಿಕೆ ಬೇಡ, ನಾನು ಹೇಳುವುದು ಇಷ್ಟೇ: "ಅಣ್ಣಾ, ಒಂದು ಗಡ್‌ಬಡ್. ಡ್ರೈ ಫ್ರೂಟ್ಸ್ ಬೇಡ, ಜೆಲ್ಲಿ ಸ್ವಲ್ಪ ಜಾಸ್ತಿ ಹಾಕಿ."